ಎಡಗೈ ಗಂಟು

ಯಳಂದೂರಿನಲ್ಲಿ ನಮ್ಮ ಮನೆಗೆ ಎದುರು ಮನೆ ಪುಟ್ಟಮಲ್ಲಮ್ಮನವರದು. ನನಗಿಂತ ಎರಡು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತೇನೆ. ಅವರು ನನ್ನನ್ನು ವೀರಮ್ಮ ಎಂದು ಹೆಸರು ಹಿಡಿದು ಕೂಗುತ್ತಾರೆ. ಮಿಕ್ಕ ಊರಿಗೆಲ್ಲ ನಾನು ಟೀಚರಮ್ಮ. ಅಕ್ಕನ ವಿಷಯವನ್ನು ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಡೆದದ್ದರಲ್ಲಿ ಅರ್ಧಕ್ಕೆ ನಾನು ಅವರ ಪಕ್ಕದಲ್ಲೇ ಇದ್ದವಳು. ಅದಕ್ಕೇ ನಾನೂ ಒಂದು ಸಲ ಹೇಳಿಬಿಡುವುದು ಸರಿ ಅನ್ನಿಸಿದೆ.

ಅಕ್ಕ ಹುಟ್ಟಿದ್ದು ಕುಂತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ದನಕರು ತುಂಬಿದ್ದ ಮನೆಯಲ್ಲಿ. ಹಾಲು ಮೊಸರಿನ ಮಡಕೆಗಳು ಬೆಕ್ಕಿಗೆ ಎಟುಕಬಾರದೆಂದು ಅಡುಗೆಮನೆಯ ಜಂತೆಗೆ ನೆಲುವು ಕಟ್ಟಿ ಅದರಲ್ಲಿ ಇಡುತ್ತಿದ್ದ ಕಾಲ ಅದು. ಆ ಹಗ್ಗದ ನೆಲುವು ಹೆಣೆಯುವುದರಲ್ಲಿ ಅಕ್ಕನ ತಾಯಿಯದು ಎತ್ತಿದ ಕೈ. ನೋಡಿ ನೋಡಿ ಅಕ್ಕನಿಗೂ ಬಂತು. ಮದುವೆಯಾಗಿ ಯಳಂದೂರಿಗೆ ಬಂದ ಮೇಲೆ ಆ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಈ ಮನೆಯಲ್ಲಿ ಆಗಲೇ ಜಾಲರಿ ಬೀರು ಇತ್ತು.

ಗಂಡ ಶಿವರುದ್ರಸ್ವಾಮಿಯವರಿಗೆ ನಾಲೆ ನೀರಿನ ಗದ್ದೆ, ಊರಿನಲ್ಲಿ ಒಳ್ಳೆಯ ಹೆಸರು. ಮಾತು ಕಡಿಮೆ. ಒಂದು ಸಲ ಆಡಿದರೆ ಅದನ್ನು ಮತ್ತೆ ತಿದ್ದುವವರಲ್ಲ. ಮಗ ಶಿವಕುಮಾರಸ್ವಾಮಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಹಿಂದೆ ಹನ್ನೊಂದು ವರ್ಷ ಬಿಟ್ಟು, ಇನ್ನು ಮಕ್ಕಳಾಗುವುದಿಲ್ಲ ಎಂದುಕೊಂಡಿದ್ದಾಗ ಹುಟ್ಟಿದವಳು ಭವ್ಯ.

ಭವ್ಯ ಎಡಚಿ. ಬಳಪ ಹಿಡಿದಿದ್ದೇ ಎಡಗೈಯಲ್ಲಿ. ಅಕ್ಕನ ಅತ್ತೆ ಆಗ ಇನ್ನೂ ಇದ್ದರು. ಹೆಣ್ಣು ಹುಡುಗಿ ಎಡಗೈಯಲ್ಲಿ ಊಟ ಬಡಿಸಿದರೆ ಕೊಟ್ಟ ಮನೆಯಲ್ಲಿ ಏನಂದಾರು ಎಂದು ಮಗುವಿನ ಕೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿಬಿಡುತ್ತಿದ್ದರು. ಸ್ಕೂಲಿಗೆ ಹೊರಡುವ ಮುಂಚೆ ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋಗಿ ಬಿಚ್ಚಿ ಕಳಿಸುತ್ತಿದ್ದರು. ಒಂದನೇ ಕ್ಲಾಸಿನಲ್ಲಿ ಅವಳಿಗೆ ಅಕ್ಷರ ಕಲಿಸಿದವಳು ನಾನೇ. ‘ಅ’ ಬರೆಯುವಾಗ ಬಲದಿಂದ ಶುರು ಮಾಡುತ್ತಿದ್ದಳು. ತಿದ್ದಿದರೆ ಬಾಯಿ ತುಂಬ ನಗುತ್ತಿದ್ದಳು, ತಿದ್ದಿಕೊಳ್ಳುತ್ತಿರಲಿಲ್ಲ.

ಅವಳು ಕೊಳ್ಳೇಗಾಲದ ಕಾಲೇಜಿಗೆ ಹೋಗುತ್ತಿದ್ದಾಗ, ದಾರಿಯಲ್ಲಿದ್ದ ಒಂದು ನರ್ಸರಿಯವರು ಮಣ್ಣಿನ ಕುಂಡ ಬಿಟ್ಟು ಪ್ಲಾಸ್ಟಿಕ್ಕಿಗೆ ಬದಲಾದರು. ಬಿರುಕು ಬಿಟ್ಟವು, ಬಾಯಿ ಒಡೆದವು, ಪಾಚಿ ಹಿಡಿದವು ಎಲ್ಲ ಸೇರಿ ನೂರಾರು ಹಳೇ ಕುಂಡ ಹಿಂದುಗಡೆ ರಾಶಿ ಬಿದ್ದವು. ಭವ್ಯ ಕೇಳಿ ಎರಡು ಮೂಟೆ ಈಸಿಕೊಂಡಳು. ನರ್ಸರಿಯ ಗೂಡ್ಸ್ ಆಟೋದಲ್ಲಿ ಅವನ್ನು ತಂದು ನಮ್ಮ ಬೀದಿಯಲ್ಲಿ ಇಳಿಸಿದವನು ಅಜ್ಜೀಪುರದ ಮಹದೇವಸ್ವಾಮಿ ಅನ್ನುವ ಡ್ರೈವರ್ ಹುಡುಗ. ಅವತ್ತು ನಾನು ಅವನನ್ನು ಸರಿಯಾಗಿ ನೋಡಲೂ ಇಲ್ಲ.

ಆ ಕುಂಡಗಳಿಂದ ಭವ್ಯ ಬೊಂಬೆ ಮಾಡಿದಳು. ದೊಡ್ಡ ಕುಂಡ ಎರಡನ್ನು ಬಾಯಿಗೆ ಬಾಯಿ ಕೂರಿಸಿ ಬಿಳಿ ಸಿಮೆಂಟಿನಲ್ಲಿ ಅಂಟಿಸಿದರೆ ಹೊಟ್ಟೆ. ಅದರ ಮೇಲೆ ನಡುಗಾತ್ರದ್ದೊಂದು ಬೋರಲು ಹಾಕಿದರೆ ತಲೆ. ಕೆಳಗಿಡುವ ತಟ್ಟೆಯೇ ಟೋಪಿ. ಸಣ್ಣ ಸಣ್ಣ ಕುಂಡಗಳನ್ನು ತಳದ ತೂತಿನಲ್ಲಿ ಹಗ್ಗ ಪೋಣಿಸಿ ಒಂದರ ಕೆಳಗೊಂದು ಇಳಿಬಿಟ್ಟರೆ ಕೈ ಕಾಲು. ಮೊದಲನೆಯ ಬೊಂಬೆಯನ್ನು ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿದಳು. ಎರಡೇ ದಿನಕ್ಕೆ ಹಗ್ಗದ ಗಂಟು ಜಾರಿ, ಮೇಲಿನ ಕುಂಡ ಕೆಳಗಿನದರ ಮೇಲೆ ಕೂತು, ಕಾಲೆಲ್ಲ ಪುಡಿಯಾಯಿತು.

ಆಗ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಹಗ್ಗ ತೆಗೆದುಕೊಂಡರು. ಎಷ್ಟೋ ವರ್ಷದ ಮೇಲೆ ನೆಲುವಿನ ಗಂಟು ಹಾಕಿದರು. ಹಗ್ಗವನ್ನು ಎರಡು ಸುತ್ತು ಸುತ್ತಿ, ಬಾಲವನ್ನು ಸುತ್ತಿನೊಳಗೆ ತೂರಿಸಿ, ಗಂಟು ಕುಂಡದ ಒಳಗೇ ಅಡಗುವಂತೆ ಎಳೆಯಬೇಕು. ಭಾರ ಬಿದ್ದಷ್ಟೂ ಅದು ಬಿಗಿಯುತ್ತದೆ. ಮಗಳು ಎದುರಿಗೆ ಕೂತು ನೋಡಿ ಕಲಿತಳು.

“ಇದೇನೇ, ಎಲ್ಲಾ ತಿರುಗಾ ಮುರುಗಾ ಕಟ್ಟಿದ್ದೀಯ? ಬಾಲ ಈ ಕಡೆ ಬರ್ಬೇಕು.”

“ನಂಗೆ ಹಿಂಗೇ ಬರೋದು ಕಣವ್ವಾ. ಜಗ್ಗಿ ನೋಡು, ಬಿಚ್ಕೊಂಡ್ರೆ ಕೇಳು.”

ಅಕ್ಕ ಜಗ್ಗಿದರು. ಬಿಚ್ಚಲಿಲ್ಲ.

ಮುಂದಿನ ಎರಡು ವರ್ಷ ಆ ಹಿತ್ತಲಿನಲ್ಲಿ ತಾಯಿ ಮಗಳು ಕೂತು ಮಾಡಿದ್ದೇ ಮಾಡಿದ್ದು. ತಟ್ಟೆ ಬೋರಲು ಹಾಕಿ ಆಮೆ. ಮೂರು ಕುಂಡ ಪೇರಿಸಿ ಮೇಲೊಂದು ತಟ್ಟೆ ಇಟ್ಟರೆ ಹಕ್ಕಿಗೆ ನೀರಿನ ತಾಣ. ನನಗೊಂದು ಆಮೆ ಕೊಟ್ಟಿದ್ದರು. ಅಕ್ಕನನ್ನು ನಾನು ಅಷ್ಟು ಸಂತೋಷವಾಗಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎರಡು ಸಾವಿರದ ಹದಿನಾರರಲ್ಲಿ, ಡಿಗ್ರಿ ಪರೀಕ್ಷೆ ಮುಗಿದ ವಾರಕ್ಕೇ, ಭವ್ಯ ಆ ಮಹದೇವಸ್ವಾಮಿಯನ್ನು ರಿಜಿಸ್ಟರ್ ಮದುವೆಯಾಗಿ ಹೋದಳು. ಹುಡುಗ ಹೊಲೆಯರವನು. ನಮ್ಮದು ಲಿಂಗಾಯತರ ಬೀದಿ. ಹೆಚ್ಚಿಗೆ ಹೇಳಬೇಕಾಗಿಲ್ಲ.

ಶಿವರುದ್ರಸ್ವಾಮಿಯವರು ಹುಡುಕಿಕೊಂಡು ಹೋಗಲಿಲ್ಲ, ಕೂಗಾಡಲಿಲ್ಲ. ಬಾವಿಕಟ್ಟೆಯಲ್ಲಿ ತಲೆಗೆ ತಣ್ಣೀರು ಸುರಿದುಕೊಂಡು ಬಂದು, “ನನ್ಗೊಬ್ಬನೇ ಮಗ. ಅವಳು ಈ ಹೊಸಿಲು ತುಳಿದ್ರೆ ಒಳಗೆ ನನ್ನ ಹೆಣ ಇರ್ತದೆ” ಎಂದರು. ಹಿತ್ತಲಲ್ಲಿದ್ದ ಹನ್ನೊಂದು ಬೊಂಬೆಗಳನ್ನು ಒಂದೊಂದಾಗಿ ತಾವೇ ಎತ್ತಿ ತಂದು ಪಟ್ಟಣ ಪಂಚಾಯ್ತಿಯ ಕಸದ ಟ್ರ್ಯಾಕ್ಟರಿಗೆ ಹಾಕಿದರು. ಒಡೆಯಲಿಲ್ಲ. ಜೋಪಾನವಾಗಿಯೇ ಇಟ್ಟರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಅವತ್ತಿನಿಂದ ಆ ಮನೆಯಲ್ಲಿ ಭವ್ಯ ಅನ್ನುವ ಹೆಸರು ಯಾರೂ ಎತ್ತಲಿಲ್ಲ. ಅಕ್ಕ ನನ್ನೆದುರೂ ಎತ್ತಲಿಲ್ಲ. ಶಿವರುದ್ರಸ್ವಾಮಿಯವರು ತುಳಸಿಗೂ ಕುಂಡ ಇಡದೆ ಸಿಮೆಂಟ್ ಕಟ್ಟೆ ಕಟ್ಟಿಸಿದರು.

ಏಳೂವರೆ ವರ್ಷ ಹೀಗೇ ಹೋಯಿತು.

ಹೋದ ವರ್ಷದ ಹಿಂದಿನ ವರ್ಷ, ಮಾಘದಲ್ಲಿ, ಅಕ್ಕನ ಅಣ್ಣನ ಮಗ ಗುರುಪ್ರಕಾಶ್ ಕೊಳ್ಳೇಗಾಲದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ನನಗೂ ಹೇಳಿಕೆ ಇತ್ತು. ಊಟ ಮುಗಿಸಿ ಹೊರಗೆ ಬಂದಾಗ ಗೇಟಿನ ಪಕ್ಕದ ಕಟ್ಟೆಯ ಮೇಲೆ ಗಂಡ ಹೆಂಡತಿ ಕೂತಿರುವಂತೆ ಎರಡು ಕುಂಡದ ಬೊಂಬೆ. ಹೆಣ್ಣಿನ ತಲೆಯೊಳಗೆ ಗರಿಕೆ ಬೆಳೆಸಿ ಜಡೆಯ ಹಾಗೆ ಇಳಿಬಿಟ್ಟಿದ್ದರು. ಇಂಥವು ಈಗ ಎಲ್ಲ ಕಡೆ ಸಿಗುತ್ತವೆ, ಫೋನಿನಲ್ಲಿ ನೋಡಿ ಯಾರು ಬೇಕಾದರೂ ಮಾಡುತ್ತಾರೆ. ನಾನು ಸುಮ್ಮನೆ ಮುಂದೆ ಹೋದೆ. ಹಿಂತಿರುಗಿ ನೋಡಿದರೆ ಅಕ್ಕ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತುಬಿಟ್ಟಿದ್ದಾರೆ. ಬೊಂಬೆಯ ಅಂಗೈ ಜಾಗದ ಸಣ್ಣ ಕುಂಡವನ್ನು ಮೇಲೆತ್ತಿ, ಒಳಗೆ ಬೆರಳು ಹಾಕಿ ತಡಕುತ್ತಿದ್ದಾರೆ.

“ವೀರಮ್ಮ, ಇಲ್ಲಿ ಬಾ. ಬೆರಳು ಹಾಕು. ಬಾಲ ಯಾವ ಕಡೆ ಅದೆ?”

ನನಗೆ ಏನೂ ತಿಳಿಯಲಿಲ್ಲ.

“ಎಡಕ್ಕೆ ಅದೆ. ನೆಲುವಿನ ಗಂಟು, ಎಡಗೈಯದು.” ಅಕ್ಕ ಬೆರಳನ್ನು ಹೊರಗೆ ತೆಗೆಯಲಿಲ್ಲ. “ನನ್ನ ಮಗಳು ಕಟ್ಟಿರೋದು ಇದು.”

ಗುರುಪ್ರಕಾಶನನ್ನು ಕರೆದು ನಾನೇ ಕೇಳಿದೆ. ಹನೂರಿನ ಒಂದು ನರ್ಸರಿಯಲ್ಲಿ ಕೊಂಡದ್ದು ಎಂದ.

ಎಂಟು ದಿನ ಬಿಟ್ಟು ಹೊರಟೆವು. ಮನೆಯಲ್ಲಿ ಕೊಳ್ಳೇಗಾಲಕ್ಕೆ ಕಣ್ಣು ತೋರಿಸಲು ಹೋಗುತ್ತೇವೆ ಎಂದು ಹೇಳಿದ್ದಾಯಿತು. ಆ ಸುಳ್ಳು ಹೇಳಿದವಳು ನಾನೇ, ಅಕ್ಕನಿಗೆ ಸುಳ್ಳು ಬರುವುದಿಲ್ಲ. ಅವರ ಕೈಯಲ್ಲಿ ಒಂದು ಬಟ್ಟೆಚೀಲ. ಅದರಲ್ಲಿ ಮಡಿಲಕ್ಕಿಗೆ ಬೇಕಾದ್ದೆಲ್ಲ ಇತ್ತು: ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ, ಹಸಿರು ಬಳೆ. ಮದುವೆಯಾದ ಮಗಳಿಗೆ ಒಂದು ಸಲವೂ ಮಡಿಲು ತುಂಬಿರಲಿಲ್ಲವಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನಮ್ಮ ಬಸ್ಸು ತೆವಳುತ್ತಿದ್ದರೆ ಅಕ್ಕ ಒಂದೇ ಸಮ ಮಾತಾಡುತ್ತಿದ್ದರು. ಏಳೂವರೆ ವರ್ಷದ ಮಾತು ಅದು.

“ಮಕ್ಕಳಾಗಿರ್ಬೇಕು ಅಲ್ವಾ? ಒಂದಾದ್ರೂ ಆಗಿರ್ತದೆ. ಬಳೆ ಸರಿಹೋಗ್ತವೋ ಇಲ್ವೋ, ಈಗ ಮೈ ಬಂದಿರ್ಬೌದು. ನನ್ನ ಕಂಡು ಮಾತಾಡಿಸ್ದೆ ಹೋದ್ರೆ? ಮಾತಾಡಿಸ್ದಿದ್ರೂ ಸರಿ ಬಿಡು, ನೋಡ್ಕೊಂಡ್ ಬರೋಣ.”

ಹನೂರಿನ ನರ್ಸರಿಯ ಮಾಲೀಕರು ಮಲ್ಲಿಕಾರ್ಜುನಸ್ವಾಮಿ, ಒಳ್ಳೆಯ ಮನುಷ್ಯ. ಹಸಿರು ನೆರಳುಬಲೆಯ ಕೆಳಗೆ ಇನ್ನೂ ನಾಲ್ಕು ಬೊಂಬೆ ಇದ್ದವು.

“ಇವನ್ನ ಅಜ್ಜೀಪುರದಿಂದ ಒಬ್ರು ತಂದ್ಕೊಡ್ತಾರೆ ಕಣ್ರಿ.”

“ಚಿಕ್ಕ ವಯಸ್ಸಿನ ಹುಡುಗಿಯಾ?” ಅಕ್ಕ ಕೇಳಿದರು.

“ಇಲ್ಲ, ವಯಸ್ಸಾದೋರು. ದೊಡ್ಡಮಾದಮ್ಮ ಅಂತ. ಮಗ ಡ್ರೈವರ್ರು.”

ಅಕ್ಕ ನನ್ನ ಕಡೆ ತಿರುಗಿ ನಕ್ಕರು. “ಅತ್ತೆ ಅದು. ಇವಳು ಮಾಡೋದು, ಅತ್ತೆ ತಂದ್ ಮಾರೋದು. ಹೊಂದ್ಕೊಂಡವ್ರೆ ಹಂಗಾರೆ.”

ಅಜ್ಜೀಪುರದಲ್ಲಿ ಬಸ್ಸಿಳಿದು ಕೇಳಿದೆವು. ಕಾಲೋನಿಯ ಕೊನೆ ಮನೆ ಎಂದರು. ಶೀಟು ಹೊದಿಸಿದ ಮನೆ, ಮುಂದೆ ಬೇವಿನ ಮರ. ಅದರ ನೆರಳಿನಲ್ಲಿ ಗೋಣಿ ಹಾಸಿಕೊಂಡು, ಸುತ್ತ ಹಳೇ ಕುಂಡಗಳನ್ನು ಹರಡಿಕೊಂಡು ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಬಾಯಲ್ಲಿ ಹಗ್ಗದ ತುದಿ ಕಚ್ಚಿ ಹಿಡಿದಿದ್ದರು. ನಮ್ಮನ್ನು ಕಂಡು ಹಗ್ಗ ಬಾಯಿಂದ ತೆಗೆದರು.

“ಯಾರವ್ವ? ಯಾರ್ ಬೇಕಾಗಿತ್ತು?”

ಅಕ್ಕ ಬಾಗಿಲ ಕಡೆಯೇ ನೋಡುತ್ತಿದ್ದರು. “ಯಳಂದೂರಿಂದ ಬಂದ್ವಿ” ಎಂದೆ ನಾನು.

ದೊಡ್ಡಮಾದಮ್ಮ ಎದ್ದು ನಿಂತರು. ಅಕ್ಕನ ಮುಖವನ್ನೇ ನೋಡಿದರು. ಭವ್ಯಳದು ತಾಯಿಯದೇ ಮೂಗು, ತಾಯಿಯದೇ ಹಣೆ.

“ನೀವು ಮಗಿನ್ ಅವ್ವಾರಾ?” ಮಗ ಎಂದರೆ ಆ ಕಡೆಯ ಮಾತಿನಲ್ಲಿ ಮಗು; ಭವ್ಯಳನ್ನೇ ಅವರು ಹಾಗೆನ್ನುತ್ತಿದ್ದರು.

“ಹೂಂ. ಎಲ್ಲವಳೆ? ಒಳಗವಳಾ?” ಎಂದು ಅಕ್ಕ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು.

“ನಿಮ್ಗ ಯಾರೂ ಯೋಳ್ನಿಲ್ವಾ, ಅವ್ವಾರೇ?” ಎಂದವರು ಹಾಗೇ ಗೋಣಿಯ ಮೇಲೆ ಕೂತರು. “ಮಗ ಓಗಿ ಒಂದ್ ವರ್ಸದ ಮೇಲಾಯ್ತಲ್ಲವ್ವಾ.”

“ಹೋಗಿ ಅಂದ್ರೆ ಎಲ್ಲಿಗೆ?” ಎಂದು ಅಕ್ಕ ಕೇಳಿದರು. ಎರಡು ಸಲ ಕೇಳಿದರು. ನಾನು ಅವರ ರಟ್ಟೆ ಹಿಡಿದುಕೊಂಡೆ.

ದೊಡ್ಡಮಾದಮ್ಮ ಹೇಳಿದ್ದು ಇಷ್ಟು. ಅವರೆಕಾಯಿ ಕಾಲ, ಮೂರು ದಿನ ಜ್ವರ. “ಡೆಂಗಿ ಅಂದ್ರು. ಕೊಳ್ಳೇಗಾಲ್ದಲ್ಲಿ ಎಲ್ಡ್ ದಿನ ಇಟ್ಕಂಡು, ಮೈಸೂರ್ಗ ತಕಂಡೋಗಿ ಅಂದ್ರು. ನರಸೀಪುರ ದಾಟ್ನಿಲ್ಲ. ಆಂಬುಲೆನ್ಸ್‌ನಲ್ಲಿ ನನ್ ತೊಡೆ ಮೇಲೇ ತಲೆ ಮಡಗಿತ್ತು. ನೀರು ನೀರು ಅಂತಿತ್ತು, ಆಮೇಲೆ ಅನ್ನನಿಲ್ಲ. ನನ್ ಮಗ ಅಪ್ಪಾರ್ಗ ಫೋನ್ ಮಾಡ್ದ. ನಾನೂ ಪಕ್ಕದಲ್ಲೇ ನಿಂತಿದ್ದಿ. ಆ ಎಸ್ರಿನೋರು ಇಲ್ಲಿ ಯಾರೂ ಇಲ್ಲ ಅಂದ್ಬುಟ್ಟು ಮಡಗುದ್ರು. ಆದ್ರೂವೆ ಅವ್ವಾರಾದ್ರೂ ಬಂದಾರು, ಎತ್ತೋಳ್ಗ ಮನ್ಸ್ ತಡ್ದದಾ ಅಂತ ಬೈಗುಗಂಟ ಕಾದೊ. ನೀವ್ ಬರ್ನಿಲ್ಲ. ಅಪ್ಪಾರು ನಿಮ್ಗ ಯೋಳ್ನೇ ಇಲ್ಲ ಅನ್ನದು ನಮ್ಗೇನ್ ಗೊತ್ತು?”

ಅಕ್ಕ ಅಳಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದರು. “ನನ್ನ ನೆನೆಸ್ಕೊತಿದ್ಲಾ?” ಎಂದರು.

“ಎಲ್ಡ್ ಸಲ ಯಳಂದೂರ್ಗಂಟ ಓಗಿತ್ತು ಕಣವ್ವಾ. ಬಸ್‌ಸ್ಟ್ಯಾಂಡ್ನಲ್ಲೇ ಒಂದ್ ಗಂಟೆ ಕೂತಿದ್ದು ವಾಪಸ್ ಬಂತು. ಅಪ್ಪ ಏನಾರಾ ಮಾಡ್ಕಂಬುಟ್ರೆ ಅವ್ವುನ್ ಗತಿ ಏನು ಅಂತಿತ್ತು.”

ಬಿಸಿಲು ನೆತ್ತಿಗೇರಿತ್ತು. ದೊಡ್ಡಮಾದಮ್ಮ ಕಣ್ಣೊರೆಸಿಕೊಂಡು, “ಅಂಗ್ಡಿಂದ ಬಾಟ್ಲಿ ಸೋಡಾ ತರುಸ್ಲಾ?” ಎಂದು ಕೇಳಿದರು. ತಮ್ಮ ಮನೆಯ ನೀರನ್ನು ನಾವು ಕುಡಿಯುತ್ತೇವೋ ಇಲ್ಲವೋ ಎಂಬ ಅನುಮಾನ ಅವರಿಗೆ. ಅಕ್ಕ, “ನೀರೇ ಕೊಡಿ” ಎಂದರು. ಸ್ಟೀಲ್ ಚೊಂಬಿನಲ್ಲಿ ತಂದು ಕೊಟ್ಟರು, ಅಕ್ಕ ಎತ್ತಿ ಪೂರಾ ಕುಡಿದರು. ನಾನು ಸೋಡಾ ತರಿಸಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ನನಗೆ ಮನಸ್ಸಿಲ್ಲ.

ಆಮೇಲೆ ಅಕ್ಕ ಗೋಣಿಯ ಮೇಲೆ ಕೂತು, “ಈ ಗಂಟು ಯಾರು ಕಟ್ಟಿದ್ದು?” ಎಂದು ಕೇಳಿದರು.

“ನಾನೇ ಕಣವ್ವಾ. ಮಗ ಕಲ್ಸಿತ್ತು. ಇಲ್ಗ ಬಂದ ಒಸದ್ರಲ್ಲಿ ಬೇಜಾರು ಅಂತ ಸುರು ಮಾಡ್ತು. ಹಳೇ ಪಾಟ್‌ನೆಲ್ಲಾ ನನ್ ಮಗನೇ ತಂದಾಕ್ತಿದ್ದ. ನಾನು ಜತ್ಗ ಕೂತ್ಕತಿದ್ದಿ. ಈಗ ಸುಮ್ಕ ಕೂತ್ರೆ ಅದೇ ನೆಪ್ಪಾಯ್ತದ, ಅದ್ಕ ಮಾಡ್ತಾ ಇವ್ನಿ.”

“ಒಂದು ಕಟ್ಟಿ ತೋರ್ಸಿ.”

ದೊಡ್ಡಮಾದಮ್ಮ ಕಟ್ಟಿದರು. ಅವರದು ಬಲಗೈಯೇ. ಆದರೆ ಕಲಿಸಿದವಳು ಎಡಚಿಯಾದ್ದರಿಂದ ಹಗ್ಗವನ್ನು ಎಡಕ್ಕೇ ಸುತ್ತಿ, ಕೈಯನ್ನು ಕಷ್ಟಪಟ್ಟು ತಿರುಚಿ, ಬಾಲವನ್ನು ಎಡಕ್ಕೇ ಎಳೆದರು. ಬಲಗೈಯವರು ಹಾಗೆ ಕಟ್ಟುವ ಅಗತ್ಯವೇ ಇರಲಿಲ್ಲ. ಇದೇ ಸರಿ ಎಂದು ಅವರು ತಿಳಿದಿದ್ದರು. ಅದನ್ನು ನೋಡುತ್ತಾ ನೋಡುತ್ತಾ ಅಕ್ಕನಿಗೆ ಅಳು ಬಂತು. ಬೇವಿನ ಮರಕ್ಕೆ ತಲೆ ಒತ್ತಿಕೊಂಡು ಅತ್ತರು. ದೊಡ್ಡಮಾದಮ್ಮ ಮುಟ್ಟಲೋ ಬೇಡವೋ ಎಂದು ಕೈ ಚಾಚಿ, ಹಿಂದಕ್ಕೆ ತೆಗೆದು, ಕೊನೆಗೆ ಬೆನ್ನ ಮೇಲೆ ಕೈ ಇಟ್ಟರು.

ಮಧ್ಯಾಹ್ನವೇ ಮೂವರೂ ಹೊಲದ ಕಡೆ ಹೋದೆವು. ಹಳ್ಳದ ಪಕ್ಕ ತಂಗಡಿ ಗಿಡಗಳ ನಡುವೆ ಮಣ್ಣು ಮಾಡಿದ್ದಾರೆ. ಹೆಸರಿನ ಕಲ್ಲಿಲ್ಲ. ದನ ತುಳಿಯದಂತೆ ಸುತ್ತ ಮುಳ್ಳು ಹಾಕಿದ್ದರು. ಅಕ್ಕ ಅಲ್ಲಿ ಕೂತು ಮಣ್ಣನ್ನು ಸವರುತ್ತಾ, “ಒಂದು ಬಸ್ಸು ಹತ್ತಿದ್ರೆ ಸಿಗ್ತಿದ್ಲು ವೀರಮ್ಮ. ಮೂರು ಗಂಟೆ ದಾರಿ. ನಾನು ಹತ್ಲಿಲ್ಲ” ಎಂದರು. ತಂದಿದ್ದ ಮಡಿಲಕ್ಕಿಯನ್ನು ಹಾಗೇ ವಾಪಸ್ ಹೊತ್ತು ತಂದರು.

ಯಳಂದೂರು ತಲುಪಿದಾಗ ಏಳು ಗಂಟೆ. ಶಿವರುದ್ರಸ್ವಾಮಿಯವರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ನಾನು ನಮ್ಮ ಮನೆಗೆ ಹೊರಟರೆ ಅಕ್ಕ ನನ್ನ ಕೈ ಬಿಡಲಿಲ್ಲ.

“ಡಾಕ್ಟ್ರು ಏನಂದ್ರು?” ಎಂದು ಕೇಳಿದರು ಅವರು.

“ಅಜ್ಜೀಪುರಕ್ಕೆ ಹೋಗಿದ್ದೆ.”

ಅವರು ಪೇಪರು ಮಡಿಸಿದರು. ಕನ್ನಡಕ ತೆಗೆದು ಅದರ ಮೇಲಿಟ್ಟರು.

“ನಿಮ್ಗೆ ಫೋನ್ ಬಂದಿತ್ತಾ?”

ಒಳಗೆ ಸೊಸೆ ಸೌಮ್ಯ ಹಚ್ಚಿದ್ದ ಟಿವಿಯ ಸದ್ದು ನಿಂತಿತು.

“ಬಂದಿತ್ತು” ಎಂದರು. “ಮಂಗಳವಾರ. ಹನ್ನೊಂದು ಗಂಟೆ ಇರ್ಬೇಕು. ನೀನು ಇಲ್ಲೇ ಅವರೆಕಾಯಿ ಬಿಡಿಸ್ತಾ ಕೂತಿದ್ದೆ.”

ಅಕ್ಕ ಅವರನ್ನೇ ನೋಡಿದರು. “ಅವತ್ತು ಹೊಟ್ಟೆ ಸರಿಯಿಲ್ಲ, ಊಟ ಬೇಡ ಅಂದ್ರಿ. ನಾನು ಗಂಜಿ ಕಾಯ್ಸಿ ಕೊಟ್ಟೆ.”

“ಹೂಂ.”

“ನಾನು ಕೊಟ್ಟ ಗಂಜಿ ಕುಡಿದ್ರಿ.”

“ಕುಡಿದೆ.” ಅವರು ತಲೆ ಎತ್ತಲಿಲ್ಲ. “ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ, ಪುಟ್ಟಮಲ್ಲಿ.”

ಅಕ್ಕ ಒಳಗೆ ಹೋದರು. ಅವತ್ತೂ ಅಡುಗೆ ಮಾಡಿದರು, ಇವತ್ತಿನವರೆಗೂ ಮಾಡುತ್ತಾರೆ. ತಟ್ಟೆ ಇಟ್ಟು ಬಡಿಸುತ್ತಾರೆ. ಮಾತು ಮಾತ್ರ ನಿಂತುಹೋಯಿತು. ಬೇಕಾದ್ದನ್ನು ಸೌಮ್ಯಳ ಮೂಲಕ ಹೇಳಿಸುತ್ತಾರೆ. ಶಿವರುದ್ರಸ್ವಾಮಿಯವರೂ ಮಾತಾಡಿಸಲು ಹೋಗಿಲ್ಲ. ಅವರು ಒಬ್ಬ ತಂದೆಯಾಗಿ ಆ ಹದಿನಾಲ್ಕು ತಿಂಗಳು ಹೇಗೆ ಕಳೆದರೋ, ನನಗೆ ಊಹಿಸಲು ಆಗುವುದಿಲ್ಲ. ಕ್ಷಮಿಸಲೂ ಆಗುವುದಿಲ್ಲ.

ಮಾರನೇ ವಾರ ಅಕ್ಕ ಹಾಡುಹಗಲೇ, ಯಾವ ಸುಳ್ಳೂ ಹೇಳದೆ, ಅಜ್ಜೀಪುರದ ದಾರಿ ಹಿಡಿದರು. ಆಮೇಲೆ ಪ್ರತಿ ಗುರುವಾರ. ಬೀದಿಯ ಮನೆಮನೆಗೂ ಹೋಗಿ ಹಿತ್ತಲಲ್ಲಿ ಬಿದ್ದಿದ್ದ ಹಳೇ ಕುಂಡ ಕೇಳಿ, ಚೀಲದಲ್ಲಿ ಹುಲ್ಲು ಒತ್ತಿ ತುಂಬಿಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದರು. ಕೆಲವರು ಕೊಟ್ಟರು. ಕೆಲವರು ಮುಖ ತಿರುಗಿಸಿದರು. ಹೊಲಗೇರಿಯಲ್ಲಿ ಉಂಡು ಬರುತ್ತಾಳೆ ಎಂದು ನೀರು ಸೇದುವ ಕಡೆ ಮಾತಾಯಿತು. ಅಕ್ಕ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇದ್ದರು. ಬೇವಿನ ಮರದ ಕೆಳಗೆ ಇಬ್ಬರೂ ಕೂತು ಕೈ ಕಾಲು ಪೋಣಿಸುತ್ತಿದ್ದರು. ಅಕ್ಕ ತಮ್ಮ ಬಲಗೈ ಗಂಟನ್ನು ಬಿಟ್ಟುಬಿಟ್ಟರು. ದೊಡ್ಡಮಾದಮ್ಮನ ಹತ್ತಿರ ಕೂತು ಎಡಕ್ಕೆ ಕಟ್ಟುವುದನ್ನು ಕಲಿತರು. ಮಗಳು ಏನು ತಿನ್ನುತ್ತಿದ್ದಳು, ಯಾವ ಸೀರೆ ಉಡುತ್ತಿದ್ದಳು, ಯಾವುದಕ್ಕೆ ಸಿಟ್ಟಾಗುತ್ತಿದ್ದಳು ಎಂದು ಗುರುವಾರಕ್ಕೆ ಒಂದಿಷ್ಟು ಕೇಳಿ ತಿಳಿದುಕೊಂಡು ಬರುತ್ತಿದ್ದರು. ಬಂದು ನನಗೆ ಹೇಳುತ್ತಿದ್ದರು. “ಹಾಗಲಕಾಯಿ ತಿನ್ನೋದು ಕಲ್ತಿದ್ಲಂತೆ ಕಣೇ” ಎಂದು ಒಂದು ದಿನ ಹೇಳಿ, ಸೆರಗು ಬಾಯಿಗೆ ತುರುಕಿಕೊಂಡರು.

ಅದೂ ಒಂದು ವರ್ಷವೇ ನಡೆಯಿತು. ಮಹದೇವಸ್ವಾಮಿಗೆ ನೆಂಟರೆಲ್ಲ ಸೇರಿ ಮತ್ತೆ ಮದುವೆ ಮಾಡಿದರು. ಅವನಿಗೆ ಮೂವತ್ನಾಲ್ಕು, ಬೇಡ ಅನ್ನಲು ಯಾರಿಗೂ ಬಾಯಿಲ್ಲ. ಅಕ್ಕನೇ ಹೋಗಿ, ಹೊಸ ಹುಡುಗಿ ಪ್ರೇಮಾಳಿಗೆ ಸೀರೆ ಕೊಟ್ಟು ಬಂದರು. ಅವನು ಅಕ್ಕನ ಕಾಲಿಗೆ ಬಿದ್ದು ಎದ್ದೇಳಲೇ ಇಲ್ಲವಂತೆ. ಆದರೆ ಗುರುವಾರ ಗುರುವಾರ ಸತ್ತ ಸವತಿಯ ತಾಯಿ ಬಂದು ಅಂಗಳದಲ್ಲಿ ಕೂತು ಸತ್ತವಳ ಮಾತೇ ಆಡುತ್ತಿದ್ದರೆ ಹೊಸದಾಗಿ ಬಂದ ಹುಡುಗಿ ಹೇಗೆ ಸಹಿಸಬೇಕು? ಪ್ರೇಮಾ ಏನೂ ಅನ್ನಲಿಲ್ಲ. ಅಕ್ಕ ಬಂದಾಗೆಲ್ಲ ಒಳಗೆ ಹೋಗಿ ಮಲಗುತ್ತಿದ್ದಳು, ಅಷ್ಟೆ. ಒಂದು ದಿನ ದೊಡ್ಡಮಾದಮ್ಮನೇ ಬಸ್ಸಿನವರೆಗೂ ಕಳಿಸಲು ಬಂದು, “ಬರ್ಬ್ಯಾಡಿ ಅನ್ನಕ್ಕ ನನ್ಗ ನಾಲ್ಗ ಬರದಿಲ್ಲ, ಬನ್ನಿ ಅನ್ನಕ್ಕೂ ಆಯ್ತಾ ಇಲ್ಲ. ಏನ್ ಮಾಡ್ಲಿ ನೀವೇ ಯೋಳಿ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರಂತೆ.

“ಆ ಹುಡುಗಿ ತಪ್ಪಲ್ಲ” ಎಂದು ಅಕ್ಕ ಅವರಿಗೂ ಹೇಳಿದರು, ಬಂದು ನನಗೂ ಹೇಳಿದರು. ಎರಡು ಗುರುವಾರ ಮನೆಯಲ್ಲೇ ಉಳಿದರು. ಜಗಲಿಯ ಮೇಲೆ ಕೂತು ಬಸ್ಸಿನ ಹಾರನ್ ಕೇಳಿಸಿದಾಗೆಲ್ಲ ತಲೆ ಎತ್ತುತ್ತಿದ್ದರು. ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ. ಹನೂರಿನ ಮಲ್ಲಿಕಾರ್ಜುನಸ್ವಾಮಿಯವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು, “ನಮ್ಮ ನರ್ಸರೀಲೇ ಜಾಗ ಅದಲ್ಲ ಮೇಡಂ, ನೆರಳೂ ಅದೆ, ನೀರೂ ಅದೆ. ಇಬ್ರೂ ಬಂದು ಕೂತ್ಕೊಳ್ಲಿ” ಎಂದರು. ಅಂದಿನಿಂದ ಒಬ್ಬರು ಅತ್ತಲಿಂದ, ಒಬ್ಬರು ಇತ್ತಲಿಂದ ಬಸ್ಸು ಹತ್ತಿ ಹನೂರಿಗೆ ಬರುತ್ತಾರೆ.

ಹೋದ ಗುರುವಾರ ನಾನೂ ಜೊತೆಗೆ ಹೋಗಿದ್ದೆ. ಅಕ್ಕನಿಗೆ ಈಗ ಮಂಡಿ ನೋವು, ಮಣೆ ಹಾಕಿಕೊಂಡು ಕೂರುತ್ತಾರೆ. ದೊಡ್ಡಮಾದಮ್ಮನಿಗೆ ಕಣ್ಣು ಮಂಜು, ತೂತಿಗೆ ಹಗ್ಗ ತೂರಿಸಲು ಆಗುವುದಿಲ್ಲ. ಅಕ್ಕ ತೂರಿಸಿ ಕೊಟ್ಟರೆ ಅವರು ಗಂಟು ಹಾಕುತ್ತಾರೆ. ಹೆಚ್ಚು ಮಾತಿಲ್ಲ. ಭವ್ಯಳ ಬಗ್ಗೆ ಕೇಳುವುದೂ ಹೇಳುವುದೂ ಎಲ್ಲ ಮುಗಿದುಹೋಗಿದೆಯೇನೋ. ಹೊಸದಾಗಿ ಬರಲು ಅವಳ ಸುದ್ದಿ ಇನ್ನೆಲ್ಲಿದೆ?

ಕೊಳ್ಳೇಗಾಲದ ಕಡೆಯವರು ಯಾರೋ ಕಾರಿನಲ್ಲಿ ಗಿಡ ಕೊಳ್ಳಲು ಬಂದಿದ್ದರು. ಹೆಂಗಸು ಬೊಂಬೆಗಳನ್ನು ನೋಡಿ, ಚೆನ್ನಾಗಿವೆ ಎಂದು ಎರಡು ಆರಿಸಿಕೊಂಡರು. ಅಕ್ಕನ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ದೊಡ್ಡಮಾದಮ್ಮ ಕಾಲೋನಿಯವರು ಎಂದು ಅವರಿಗೆ ತಿಳಿಯಿತೋ ಏನೋ. ಇಬ್ಬರನ್ನೂ ಒಮ್ಮೆ ನೋಡಿ, “ನೀವಿಬ್ರೂ ಏನಾಗ್ಬೇಕು ಒಬ್ರಿಗೊಬ್ರು?” ಎಂದು ಕೇಳಿದರು.

ದೊಡ್ಡಮಾದಮ್ಮ ತಡಬಡಿಸಿ, “ಜತೇಲಿ ಕೆಲ್ಸ ಮಾಡೋರು ಕಣವ್ವ, ಅಷ್ಟೇಯ” ಎಂದರು.

ಅಕ್ಕ ಹಗ್ಗ ಪೋಣಿಸುತ್ತಲೇ, “ಬೀಗಿತೇರು” ಎಂದರು. “ನನ್ನ ಮಗಳನ್ನ ಇವ್ರ ಮನೇಗೆ ಕೊಟ್ಟಿತ್ತು.”

ಆ ಹೆಂಗಸು ಇನ್ನೇನೋ ಕೇಳಲು ಹೊರಟವರು ಪರ್ಸು ತೆಗೆದರು. ದೊಡ್ಡಮಾದಮ್ಮನ ಕೈ ನಿಂತುಹೋಗಿತ್ತು. ಅಕ್ಕ ಮುಂದಿನ ಕುಂಡವನ್ನು ಎತ್ತಿ ಅವರ ಮಡಿಲಿಗಿಟ್ಟು, “ಇದು ಬಲಗಾಲಿಂದು, ನೋಡಿ ಕಟ್ಟಿ” ಎಂದರು. ನಾಲ್ಕು ಗಂಟೆಯ ಬಸ್ಸಿಗೆ ಇನ್ನೂ ಸಮಯವಿತ್ತು. ನಾನು ಎದ್ದು ಹೋಗಿ ನಲ್ಲಿಯಲ್ಲಿ ಮಣ್ಣಾಗಿದ್ದ ಕೈ ತೊಳೆದು, ಅಜ್ಜೀಪುರದಲ್ಲಿ ತರಿಸಿಕೊಂಡ ಸೋಡಾ ನೆನಪಾಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.